ಸಂಸ್ಥಾನದ ಸೀಮೆಯೂ ಪ್ರಜೆಯ ಹಕ್ಕೂ

ಕೃಷ್ಣಾತೀರದ ಗಲಗಲಿಯ ಸುತ್ತಲಿನ ನಾಡಿನಲ್ಲಿ ಹಿಂದೆ ನಾಲ್ಕು ಆಳಿಕೆಗಳಿದ್ದವು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು, ರಬಕವಿಯಲ್ಲಿ ಸಾಂಗಲಿಯ ಅರಸರು, ಬೀಳಗಿಯಲ್ಲಿ ಬ್ರಿಟಿಷರು. ಸೀಮೆಯ ಕಲ್ಲನ್ನು ದಾಟಿದೊಡನೆ ಕಾಯದೆಯೂ ನ್ಯಾಯಾಸನವೂ ಬೇರೆಯಾಗುತ್ತಿದ್ದವು.

ಒಳಾಡಳಿತವು ಅರಸನದು, ಸಾರ್ವಭೌಮತ್ವವು ಬ್ರಿಟಿಷರದು ಎಂಬುದು ಆಗಿನ ಏರ್ಪಾಡು. ಇವೆರಡರ ನಡುವೆ ಪ್ರಜೆಗೆ ಆಸರೆಯೆಲ್ಲಿ? 1857ರಲ್ಲಿ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧಗಳನ್ನೊಪ್ಪಿಸಲು ನಿರಾಕರಿಸಿದರು. ನವೆಂಬರ ಕೊನೆಗೆ ಬ್ರಿಟಿಷ ಸೈನ್ಯವು ಊರಿನ ಮೇಲೆರಗಿತು. 19 ಜನರನ್ನು ನೇಣಿಗೇರಿಸಲಾಯಿತು. ಸಮೀಪದ ಅರಸನು ಕಾಯಲಿಲ್ಲ. ದೂರದ ಸಾರ್ವಭೌಮನೇ ಕೊಂದನು.

1948ರ ಮಾರ್ಚ 8ರಂದು ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನವು ಹಕ್ಕನ್ನು ಸೀಮೆಗಲ್ಲಿನಿಂದ ಬಿಡಿಸಿ ಮನುಷ್ಯನಿಗೆ ಕೊಟ್ಟಿತು. ಅದರ 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 32ನೆಯದು ಹಕ್ಕು ಕಳೆದುಕೊಂಡವನಿಗೆ ಸರ್ವೋಚ್ಚ ನ್ಯಾಯಾಲಯದ ಬಾಗಿಲನ್ನು ತೆರೆಯಿತು. 1955ರಲ್ಲಿ ಸಂಸತ್ತು ಮಾಡಿದ ಅಸ್ಪೃಶ್ಯತಾ ಅಪರಾಧಗಳ ಕಾಯದೆಗೆ 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯದೆಯೆಂಬ ಹೆಸರಾಯಿತು.

ಆದರೂ ಪೋಲೀಸು ರಾಜ್ಯದ ವಿಷಯವೇ. ದಿಲ್ಲಿಯಲ್ಲಿ ಬರೆದ ಅಕ್ಷರವು ಊರ ಬಾವಿಕಟ್ಟೆಯವರೆಗೆ ಬರಬೇಕಾದರೆ ಠಾಣೆಯ ಅಧಿಕಾರಿಯು ಫಿರ್ಯಾದಿಯನ್ನು ಬರೆದುಕೊಳ್ಳಬೇಕು, ಸಾಕ್ಷಿದಾರನು ಅಂಜದೆ ನುಡಿಯಬೇಕು. ದೂರದ ಸರಕಾರವೆಲ್ಲ ರಕ್ಷಕವಲ್ಲ, ಸಮೀಪದ್ದೆಲ್ಲ ಆತ್ಮೀಯವಲ್ಲ. ಎರಡನ್ನೂ ಪ್ರಶ್ನಿಸುವ ಅಧಿಕಾರ ಪ್ರಜೆಯ ಕೈಯಲ್ಲಿದ್ದರೇನೇ ಹಕ್ಕು ಉಳಿಯುವುದು. ಹಲಗಲಿಯವರಿಗೆ ಇಲ್ಲದಿದ್ದುದು ಅದೇ.