ಹಳೇ ದೆವ್ವಕ್ಕೆ ಹೊಸ ಬಣ್ಣ

ಅಕ್ಕಯ್ಯಾರಾ, ಮಗನ ಜತೆ ಕೂತು ‘ರೆಸಿಡೆಂಟ್ ಈವಿಲ್ 2’ ಆಟ ಮುಗಿಸ್ದೆ ಕಣ್ರವ್ವಾ. ಜಪಾನಿನ ಕ್ಯಾಪ್‌ಕಾಮ್‌ನವ್ರು 1998ರಲ್ಲಿ ಮಾಡಿದ್ದನ್ನ 2019ರಲ್ಲಿ ಹೊಸದಾಗಿ ಕಟ್ಟವ್ರೆ. ಹಳೇದ್ರಲ್ಲಿ ಕ್ಯಾಮೆರಾ ಮೂಲೇಲಿ ನಿಂತಿರದು, ತಿರುವಿನಾಚೆ ಏನದೆ ಅಂತ ಗೊತ್ತಾಗ್ತಿರ್ನಿಲ್ಲ. ಹೊಸದ್ರಲ್ಲಿ ನಮ್ ಹೆಗಲ ಹಿಂದೆನೇ ಬತ್ತದೆ. ಆದ್ರೂ ಭಯ ತಗ್ಗಿಲ್ಲ. ಟೋಪಿ ಹಾಕ್ಕಂಡಿರೋ ಒಬ್ಬ ದಾಂಡಿಗ ಪೊಲೀಸ್ ಠಾಣೆ ತುಂಬಾ ಅಟ್ಟಿಸ್ಕಂಡು ಬತ್ತಾನೆ. ಗುಂಡು ಹೊಡುದ್ರೆ ಮಂಡಿಯೂರಿ ಮತ್ತೆ ಎದ್ದೇಳ್ತಾನೆ. ಗುಂಡೂ ಅಷ್ಟಷ್ಟೇ, ತಿಂಗಳ ಕೊನೇ ಅಕ್ಕಿ ಥರ ಅಳೆದು ಬಳಸ್ಬೇಕು.

ಹಳೇ ಭಯನ ಹೊಸದಾಗಿ ಮಾಡದು ನಮಗೇನ್ ಹೊಸತಲ್ಲ. 1993ರ ಮಲಯಾಳಂ ‘ಮಣಿಚಿತ್ರತಾಳ್’ 2004ರಲ್ಲಿ ‘ಆಪ್ತಮಿತ್ರ’ ಆಯ್ತಲ್ಲ. ಆ ಏಪ್ರಿಲ್‌ನಲ್ಲೇ ಸೌಂದರ್ಯ ವಿಮಾನ ಬಿದ್ದು ತೀರ್ಕೊಂಡಿದ್ರು, ಸಿನಿಮಾ ಬಂದದ್ದು ಆಗಸ್ಟ್‌ನಲ್ಲಿ. ನಾಗವಲ್ಲಿ ಕುಣಿವಾಗ ನಂಜನಗೂಡಿನ ಟಾಕೀಸಲ್ಲಿ ಹೆಂಗಸ್ರು ಕಿರುಚ್ನಿಲ್ಲ, ಸೆರಗಲ್ಲಿ ಕಣ್ಣೊರುಸ್ಕಂಡ್ರು.