ನಮ್ಮವನೇ ಗದ್ದುಗೆ ಏರಿದ ಮೇಲೆ

ಓಟು ಕೇಳೋಕೆ ಬಂದವನ ಮುಖ ನಮ್ಮ ಮುಖದ ಹಾಗೇ ಇದ್ದರೆ ಅರ್ಧ ಗೆದ್ದೆವು ಅಂತ ನಾವು ತಿಳಿಯುತ್ತೇವೆ. ಉಳಿದರ್ಧದ ಕಥೆ ಏನು? ಅದನ್ನು ಕೇಳಬೇಕಾದರೆ ಅಮೆರಿಕದ ನ್ಯೂಜೆರ್ಸಿ ರಾಜ್ಯದ ನ್ಯೂವಾರ್ಕ್ ಎಂಬ ಊರಿಗೆ ಹೋಗಬೇಕು. ಅಲ್ಲಿನ 2002ರ ಮೇಯರ್ ಚುನಾವಣೆಯನ್ನು ಮಾರ್ಷಲ್ ಕರ್ರಿ ಎಂಬಾತ ಕ್ಯಾಮೆರಾ ಹೊತ್ತು ಬೀದಿ ಬೀದಿ ಸುತ್ತಿ ಚಿತ್ರಿಸಿದ. 2005ರಲ್ಲಿ ಹೊರಬಂದ ಆ ಸಾಕ್ಷ್ಯಚಿತ್ರದ ಹೆಸರು ‘ಸ್ಟ್ರೀಟ್ ಫೈಟ್’. ಅಂದರೆ ಬೀದಿ ಕಾಳಗ. ಆಸ್ಕರ್ ಪ್ರಶಸ್ತಿಯ ಅಂತಿಮ ಪಟ್ಟಿಯವರೆಗೂ ಅದು ಹೋಯಿತು. ನಮಗೆ ಬೇಕಾದ್ದು ಪ್ರಶಸ್ತಿಯ ಮಾತಲ್ಲ, ಆ ಬೀದಿಯ ಮಾತು. ಯಾಕೆಂದರೆ ಆ ಕಾಳಗದಲ್ಲಿ ಎದುರುಬದುರು ನಿಂತ ಇಬ್ಬರೂ ಕಪ್ಪು ಜನರೇ.

ಆ ಬೀದಿ ಅರ್ಥವಾಗಬೇಕಾದರೆ 1967ಕ್ಕೆ ಹಿಂದಿರುಗಬೇಕು. ಆ ಹೊತ್ತಿಗೆ ನ್ಯೂವಾರ್ಕಿನಲ್ಲಿ ಕಪ್ಪು ಜನರದೇ ಹೆಚ್ಚು ಸಂಖ್ಯೆ. ಅವರಲ್ಲಿ ಬಹಳ ಮಂದಿ ದಕ್ಷಿಣದ ರಾಜ್ಯಗಳ ದಬ್ಬಾಳಿಕೆ ತಾಳಲಾರದೆ ಕೂಲಿ ಹುಡುಕಿಕೊಂಡು ಬಂದವರು, ಅವರ ಮಕ್ಕಳು. ಆದರೆ ಪಾಲಿಕೆ ಬಿಳಿಯರದು, ಪೊಲೀಸ್ ಇಲಾಖೆ ಬಿಳಿಯರದು. ಜುಲೈ 12ರ ರಾತ್ರಿ ಒಬ್ಬ ಕಪ್ಪು ಟ್ಯಾಕ್ಸಿ ಡ್ರೈವರನ್ನು ಪೊಲೀಸರು ಹಿಡಿದು ಬಡಿದರು. ಠಾಣೆಯ ಮುಂದೆ ಜನ ಸೇರಿದರು. ಕಲ್ಲು ಹಾರಿತು, ಬೆಂಕಿ ಬಿತ್ತು, ಬಂದೂಕು ಹೊತ್ತ ಪಡೆಗಳು ಬೀದಿಗಿಳಿದವು. ಕೆಲವೇ ದಿನಗಳಲ್ಲಿ 26 ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಕಪ್ಪು ಜನ. ಆಳುವವರು ಇದನ್ನು ಗಲಭೆ ಅಂದರು. ಅಲ್ಲಿನ ಅನೇಕರು ಇಂದಿಗೂ ಇದನ್ನು ಕರೆಯುವುದು ಬಂಡಾಯ ಅಂತಲೇ.

ಬೂದಿಯಿಂದ ರಾಜಕಾರಣ ಹುಟ್ಟಿತು. ಆ ದಿನಗಳಲ್ಲಿ ಪೊಲೀಸರ ಏಟು ತಿಂದ ಕವಿ ಅಮಿರಿ ಬರಾಕ ಮತ್ತು ಜೊತೆಗಾರರು 1969ರಲ್ಲಿ ಕಪ್ಪು ಜನರನ್ನೂ ಪೋರ್ಟೊರಿಕೊ ಮೂಲದವರನ್ನೂ ಒಂದೇ ಸಮಾವೇಶದಲ್ಲಿ ಕೂರಿಸಿ ಒಮ್ಮತದ ಅಭ್ಯರ್ಥಿಗಳನ್ನು ಆರಿಸಿದರು. 1970ರಲ್ಲಿ ಕೆನೆತ್ ಗಿಬ್ಸನ್ ಎಂಬ ಎಂಜಿನಿಯರ್ ಊರಿನ ಮೊದಲ ಕಪ್ಪು ಮೇಯರ್ ಆದ. ಅವನೆದುರು ಸೋತ ಬಿಳಿಯ ಮೇಯರ್ ಅಡೊನಿಜಿಯೊ ಸುಲಿಗೆಯ ಕೇಸಿನಲ್ಲಿ ಜೈಲಿಗೆ ಹೋದ. ಜನ ಬೀದಿಯಲ್ಲಿ ಕುಣಿದರು. ಕುಣಿಯದೆ ಇರುತ್ತಾರೆಯೇ?

ಅದೇ 1970ರಲ್ಲಿ ಶಾರ್ಪ್ ಜೇಮ್ಸ್ ಎಂಬ ಮೇಷ್ಟ್ರು ಕೌನ್ಸಿಲ್ ಸದಸ್ಯನಾದ. 1986ರಲ್ಲಿ ಗಿಬ್ಸನ್‌ನನ್ನೇ ಸೋಲಿಸಿ ಮೇಯರ್ ಆದ. 2002ರ ಹೊತ್ತಿಗೆ ಅವನ ಆಳ್ವಿಕೆಗೆ 16 ವರ್ಷ. 1999ರಿಂದ ರಾಜ್ಯದ ಸೆನೆಟರ್ ಕೂಡ ಅವನೇ. ಒಬ್ಬನಿಗೇ ಎರಡು ಕುರ್ಚಿ.

ಎದುರು ನಿಂತವನು ಕೋರಿ ಬೂಕರ್. 33ರ ಹುಡುಗ. ಓದಿದ್ದು ಸ್ಟ್ಯಾನ್‌ಫರ್ಡ್, ಆಕ್ಸ್‌ಫರ್ಡ್, ಯೇಲ್‌ಗಳಲ್ಲಿ. ಬೆಳೆದದ್ದು ಬಿಳಿಯರ ಬಡಾವಣೆಯಲ್ಲಿ. ಆದರೆ ವಾಸಕ್ಕೆ ಆರಿಸಿಕೊಂಡದ್ದು ಬ್ರಿಕ್ ಟವರ್ಸ್ ಎಂಬ ಹಾಳುಬಿದ್ದ ಬಡವರ ವಸತಿ ಕಟ್ಟಡವನ್ನು. 1998ರಲ್ಲಿ ಕೌನ್ಸಿಲ್‌ಗೆ ಗೆದ್ದವನು, 1999ರಲ್ಲಿ ಮಾದಕ ವಸ್ತುವಿನ ದಂಧೆಯ ವಿರುದ್ಧ ಟೆಂಟು ಹಾಕಿ 10 ದಿನ ಉಪವಾಸ ಕೂತಿದ್ದ.

ಚಿತ್ರ ತೋರಿಸುವುದು ಭಾಷಣಗಳನ್ನಲ್ಲ, ಭಯವನ್ನು. ಬೂಕರನ ಪೋಸ್ಟರುಗಳು ಕಿತ್ತುಹೋಗುತ್ತವೆ. ಅವನ ಕಡೆಯವರು ಪಾಲಿಕೆಯ ಅಧಿಕಾರಿಗಳು ಕಾಟ ಕೊಡುತ್ತಾರೆಂದು ದೂರುತ್ತಾರೆ. ಮೇಯರನನ್ನು ಚಿತ್ರಿಸಲು ಹೋದ ಕರ್ರಿಯನ್ನು ಸಾರ್ವಜನಿಕ ಜಾಗದಲ್ಲೇ ಪೊಲೀಸರು ತಳ್ಳುತ್ತಾರೆ. ಚುನಾವಣೆಯ ಮೇಲೆ ಕಣ್ಣಿಡಲು ಕೇಂದ್ರ ಸರ್ಕಾರವೇ ವೀಕ್ಷಕರನ್ನು ಕಳಿಸಬೇಕಾಯಿತು.

ಇದಕ್ಕಿಂತ ಹರಿತವಾದ ಆಯುಧ ಇನ್ನೊಂದಿತ್ತು. ಬೂಕರ್ ನಿಜವಾದ ಕಪ್ಪು ಮನುಷ್ಯನೇ ಅಲ್ಲ, ಹೊರಗಿನವರ ಕೈಗೊಂಬೆ ಅಂತ ಜೇಮ್ಸ್ ಪ್ರಚಾರ ಮಾಡಿದ. ಗಮನಿಸಿ ಗೆಳೆಯರೇ, 1970ರಲ್ಲಿ ಬಿಡುಗಡೆಯ ಮಾತಾಗಿದ್ದ ‘ನಮ್ಮವನು’ ಎಂಬುದು 2002ರಲ್ಲಿ ಲೆಕ್ಕ ಕೇಳಿದವನ ಬಾಯಿ ಮುಚ್ಚಿಸುವ ಬಟ್ಟೆಯಾಯಿತು. ಶಾಲೆಗಳು ಹದಗೆಟ್ಟು 1995ರಲ್ಲೇ ರಾಜ್ಯ ಸರ್ಕಾರ ಅವನ್ನು ಕೈಗೆ ತೆಗೆದುಕೊಂಡಿತ್ತು. ಆ ಬಗ್ಗೆ ಕೇಳಿದರೆ ನಿನ್ನ ಬಣ್ಣ ಎಷ್ಟು ಕಪ್ಪು ಅನ್ನುವುದು ಉತ್ತರವೇ?

ಜೇಮ್ಸ್ ಪರ ಜೆಸ್ಸಿ ಜಾಕ್ಸನ್ ಬಂದ, ಅಲ್ ಶಾರ್ಪ್ಟನ್ ಬಂದ. ಬೂಕರ್ ಪರ ಚಿಂತಕ ಕಾರ್ನೆಲ್ ವೆಸ್ಟ್ ಬಂದ. ಹೋರಾಟದ ಮನೆಯೇ ಎರಡಾಯಿತು. ಮೇ 14ರಂದು ಜೇಮ್ಸ್ ನೂರಕ್ಕೆ 53 ಓಟು ಪಡೆದು ಗೆದ್ದ. ಬೂಕರನಿಗೆ ಬಿದ್ದದ್ದು 47.

ಜೇಮ್ಸ್‌ಗೆ ಓಟು ಹಾಕಿದವರೆಲ್ಲ ಹೆದರಿಯೇ ಹಾಕಿದರು ಅನ್ನುವುದು ತಪ್ಪು. ಎಲ್ಲರೂ ಕೈಬಿಟ್ಟ ಊರಿನಲ್ಲಿ ಅವನು ಉಳಿದಿದ್ದ. ಎಷ್ಟೋ ಮನೆಗಳಿಗೆ ಪಾಲಿಕೆಯ ಕೆಲಸವೇ ಅನ್ನವಾಗಿತ್ತು. ಬೂಕರನ ಹಿಂದೆ ಹೊರಗಿನ ಶ್ರೀಮಂತರ ದುಡ್ಡಿತ್ತು ಅನ್ನುವುದೂ ಸುಳ್ಳಲ್ಲ. ಸರ್ಕಾರದ ದುಡ್ಡನ್ನು ಖಾಸಗಿ ಶಾಲೆಗಳಿಗೆ ಹರಿಸುವ ಯೋಜನೆಯನ್ನು ಅವನು ಬೆಂಬಲಿಸಿದ್ದ. ಬಡವರ ಅನುಮಾನಕ್ಕೆ ಬೇರು ಇತ್ತು.

ಮುಂದೇನಾಯಿತು? 2006ರಲ್ಲಿ ಜೇಮ್ಸ್ ಕಣದಿಂದ ಸರಿದ. ಬೂಕರ್ ಭಾರೀ ಬಹುಮತದಿಂದ ಗೆದ್ದ. ಪಾಲಿಕೆಯ ನಿವೇಶನಗಳನ್ನು ತನಗೆ ಬೇಕಾದ ಹೆಂಗಸಿಗೆ ಅಗ್ಗದ ಬೆಲೆಗೆ ಕೊಡಿಸಿದ ಕೇಸಿನಲ್ಲಿ 2008ರಲ್ಲಿ ಜೇಮ್ಸ್‌ಗೆ 27 ತಿಂಗಳ ಸಜೆಯಾಯಿತು. ಬಿಳಿಯ ಅಡೊನಿಜಿಯೊ ಹೋದ ದಾರಿಯನ್ನೇ ಅವನೂ ಹಿಡಿದ. 2010ರಲ್ಲಿ ಫೇಸ್‌ಬುಕ್ಕಿನ ಜುಕರ್‌ಬರ್ಗ್ ನ್ಯೂವಾರ್ಕಿನ ಶಾಲೆಗಳಿಗೆ 10 ಕೋಟಿ ಡಾಲರ್ ಘೋಷಿಸಿದ. ನಮ್ಮ ಮಕ್ಕಳ ಶಾಲೆಯ ವಿಷಯವನ್ನು ನಮ್ಮನ್ನೇ ಕೇಳದೆ ತೀರ್ಮಾನಿಸಿದಿರಿ ಅಂತ ಎಷ್ಟೋ ತಾಯಿತಂದೆಯರು ಸಿಟ್ಟಾದರು. 2013ರಲ್ಲಿ ಬೂಕರ್ ದೇಶದ ಸೆನೆಟ್‌ಗೆ ಆರಿಸಿ ಹೋದ. ಜನ ಬೀದಿಯಲ್ಲೇ ಉಳಿದರು.

1972ರಲ್ಲಿ ಬೊಂಬಾಯಿಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ತನ್ನ ಹೆಸರನ್ನು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ ಪಡೆಯಿತು. ಸಿಡಿದು ನಿಲ್ಲುವುದನ್ನು ಅವರಿಂದ ಕಲಿತ ನಾವು, ಗೆದ್ದ ಮೇಲೆ ಏನಾಗುತ್ತದೆ ಅನ್ನುವುದನ್ನೂ ಅವರಿಂದಲೇ ಕಲಿಯಬೇಕು. ಗದ್ದುಗೆ ಮೇಲೆ ಕೂತವನು ಬದಲಾದ, ಗದ್ದುಗೆ ಬದಲಾಗಲಿಲ್ಲ. ಕೆಲಸ, ಕಂಟ್ರಾಕ್ಟು, ಪೊಲೀಸು ಎಲ್ಲವೂ ಒಂದೇ ಕೈಯಲ್ಲಿ ಇರುವ ತನಕ ಆ ಕೈಯ ಬಣ್ಣ ಯಾವುದಾದರೂ ಹಿಡಿತ ಒಂದೇ.

ಹಾಗಂತ ನಮ್ಮವರು ಗದ್ದುಗೆ ಏರಬಾರದೇ? ಏರಲೇಬೇಕು. 26 ಹೆಣಗಳ ಮೇಲೆ ಹುಟ್ಟಿದ ಹಕ್ಕು ಅದು. ಆದರೆ ಏರಿಸಿದ ಮಾರನೆಯ ದಿನವೇ ಲೆಕ್ಕ ಕೇಳುವ ಸಂಘಟನೆ ಕೆಳಗೆ ಇರಬೇಕು. ಹಾಗೆ ಕೇಳುವವನೂ ನಮ್ಮವನೇ.