ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ: ದೂರವೆಷ್ಟು, ಹಾರಾಟ ಎಷ್ಟು ಗಂಟೆ?

ಬೆಂಗಳೂರು: ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣಕ್ಕಿರುವ ನೇರ ವಾಯುದೂರ ಸುಮಾರು 14,000 ಕಿಲೋಮೀಟರ್. ಸಿಲಿಕಾನ್ ಕಣಿವೆಯಲ್ಲಿ ಮಕ್ಕಳು ನೆಲೆಸಿರುವ ರಾಜ್ಯದ ಅನೇಕ ಕುಟುಂಬಗಳಿಗೆ ಇದು ಪರಿಚಿತ ಪಯಣ. ಆದರೆ ದೂರ ಒಂದೇ ಆದರೂ ಹೋಗುವ ಮತ್ತು ಮರಳುವ ಅವಧಿ ಒಂದೇ ಅಲ್ಲ. ಟಿಕೆಟ್‌ನಲ್ಲಿ ನಮೂದಾಗಿರುವ ವೇಳೆಯನ್ನು ಮಾತ್ರ ನೋಡಿ ಪ್ರಯಾಣದ ಅವಧಿಯನ್ನು ಲೆಕ್ಕ ಹಾಕುವುದೂ ಸರಿಯಲ್ಲ.

ಮಾರ್ಗ ಯಾವುದು?

ಈ ಎರಡು ನಗರಗಳು ಭೂಗೋಳದ ಬಹುತೇಕ ಎದುರುಬದುರು ರೇಖಾಂಶಗಳಲ್ಲಿವೆ. ಹೀಗಾಗಿ ಅತಿ ಹತ್ತಿರದ ಹಾದಿ ಹಿಮಾಲಯ, ಟಿಬೆಟ್ ಹಾಗೂ ಸೈಬೀರಿಯಾ ದಾಟಿ ಆರ್ಕ್‌ಟಿಕ್ ವಲಯದ ಮೂಲಕ ಸಾಗುತ್ತದೆ. ಆದರೆ ತುರ್ತು ಸಂದರ್ಭದಲ್ಲಿ ವಿಮಾನ ಸುಮಾರು 3,000 ಮೀಟರ್ ಎತ್ತರಕ್ಕೆ ಇಳಿಯಬೇಕಾಗುತ್ತದೆ. ಟಿಬೆಟ್ ಪ್ರಸ್ಥಭೂಮಿಯ ಸರಾಸರಿ ಎತ್ತರವೇ ಸುಮಾರು 4,500 ಮೀಟರ್ ಇರುವುದರಿಂದ ವಿಮಾನಗಳು ಸಾಮಾನ್ಯವಾಗಿ ಆ ಪ್ರದೇಶವನ್ನು ಬಳಸಿಕೊಂಡು ಹೋಗುತ್ತವೆ.

ಗಾಳಿಯ ಪಾತ್ರವೂ ದೊಡ್ಡದು. ಮೇಲ್ಮಟ್ಟದ ಜೆಟ್ ಪ್ರವಾಹ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಪೆಸಿಫಿಕ್ ಮಾರ್ಗವಾಗಿ ಅಮೆರಿಕಕ್ಕೆ ಹೋಗುವಾಗ ಅದು ಅನುಕೂಲಕರ. ಅದೇ ಹಾದಿಯಲ್ಲಿ ಮರಳುವಾಗ ಪ್ರತಿಕೂಲ.

ಏರ್ ಇಂಡಿಯಾ 2021ರ ಜನವರಿ 9ರಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ತಡೆರಹಿತ ವಿಮಾನವನ್ನು ಹಾರಿಸಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಬೋಯಿಂಗ್ 777-200ಎಲ್‌ಆರ್ ವಿಮಾನ ಉತ್ತರ ಧ್ರುವದ ಮೇಲಿನಿಂದ ಸಾಗಿ ಜನವರಿ 11ರ ಬೆಳಗಿನ ಜಾವ ಇಲ್ಲಿ ಇಳಿಯಿತು. ಹಾರಾಟಕ್ಕೆ ಸುಮಾರು 17 ಗಂಟೆ ಹಿಡಿಯಿತು.

ಗಡಿಯಾರದ ಗೊಂದಲ

ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಭಾರತಕ್ಕಿಂತ 13 ಗಂಟೆ 30 ನಿಮಿಷ ಹಿಂದಿರುತ್ತದೆ. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಈ ಅಂತರ 12 ಗಂಟೆ 30 ನಿಮಿಷ.

ಉದಾಹರಣೆಗೆ, ಜನವರಿಯಲ್ಲಿ ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟು 16 ಗಂಟೆ ಹಾರಿದವರು ಅದೇ ದಿನ ಸಂಜೆ 4.30ಕ್ಕೆ ಅಲ್ಲಿ ಇಳಿಯುತ್ತಾರೆ. ಮರಳುವಾಗ ಶನಿವಾರ ರಾತ್ರಿ 8.30ಕ್ಕೆ ಹೊರಟು ಹದಿನೇಳೂವರೆ ಗಂಟೆ ಹಾರಿದರೆ ಬೆಂಗಳೂರು ತಲುಪುವುದು ಸೋಮವಾರ ನಸುಕಿನ 3.30ಕ್ಕೆ. ಬರಮಾಡಿಕೊಳ್ಳಲು ಹೋಗುವವರು ದಿನಾಂಕ ತಪ್ಪುವುದು ಇಲ್ಲಿಯೇ.

ನಡುವೆ ಇಳಿದು ಹೋದರೆ

ತಡೆರಹಿತ ಸೇವೆ ಎಲ್ಲ ಕಾಲದಲ್ಲೂ ಲಭ್ಯವಿರುವುದಿಲ್ಲ. ದುಬೈ ಮೂಲಕ ಹೋದರೆ ಒಟ್ಟು ದೂರ ಸುಮಾರು 15,700 ಕಿ.ಮೀ., ಫ್ರಾಂಕ್‌ಫರ್ಟ್ ಮೂಲಕವಾದರೆ ಸುಮಾರು 16,500 ಕಿ.ಮೀ. ವಿಮಾನ ಬದಲಿಸಲು ಕಾಯುವ ಸಮಯವೂ ಸೇರಿದರೆ ಪ್ರಯಾಣ 20 ಗಂಟೆ ಮೀರುತ್ತದೆ. ವಯಸ್ಸಾದ ತಂದೆತಾಯಿಯರನ್ನು ಕಳುಹಿಸುವವರು ಟಿಕೆಟ್ ದರದ ಜೊತೆಗೆ ಈ ಒಟ್ಟು ಅವಧಿಯನ್ನೂ ಗಮನಿಸುವುದು ಒಳಿತು.